ತಮ್ಮನಿಗೆ ಮಾಡಿದ ಕರಿ ಉಂಡಿ

ಪಾಕ ಹಿಡಿಯದೆ ಸಿಹಿ ತಿಂಡಿ ಮಾಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನಾನು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ, ನೀರಾವರಿ ಹೊಲದಲ್ಲಿ ಕಬ್ಬು ಬೆಳೆಯುವ ಮನೆಯಲ್ಲಿ. ಕಬ್ಬೆಲ್ಲ ಲಾರಿ ಹತ್ತಿ ಕಾರ್ಖಾನೆಗೆ ಹೋಗುವ ಕಾಲ ಬರುವ ಮುಂಚೆ ನಮ್ಮ ಹೊಲದಲ್ಲೇ ಬೆಲ್ಲದ ಗಾಣವಿತ್ತು. ಕೊಪ್ಪರಿಗೆಯಲ್ಲಿ ಕುದಿಯುವ ರಸದಿಂದ ಅಪ್ಪ ಒಂದು ಹನಿ ತೆಗೆದು ತಣ್ಣೀರಿನ ಬಟ್ಟಲಿಗೆ ಬಿಡುತ್ತಿದ್ದ. ಬೆರಳಿನಿಂದ ಅದನ್ನು ಗುಂಡಗೆ ಮಾಡಿ ಬಟ್ಟಲಿನ ಅಂಚಿಗೆ ಬಡಿಯುತ್ತಿದ್ದ. ಟಣ್ ಎಂದರೆ ಕೊಪ್ಪರಿಗೆ ಇಳಿಸುವುದು, ಅನ್ನದಿದ್ದರೆ ಇನ್ನಷ್ಟು ಬೆಂಕಿ. ನನಗೂ ನನ್ನ ತಮ್ಮನಿಗೂ ಅಕ್ಷರ ಬರುವ ಮೊದಲೇ ಪಾಕ ನೋಡುವುದು ಬರುತ್ತಿತ್ತು.

ಆ ತಮ್ಮ ಈಗಿಲ್ಲ. ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಂದಿ ನನಗೆ ಸಮಾಧಾನ ಹೇಳುತ್ತಾರೆ, ವಯಸ್ಸಾಗಿತ್ತಲ್ಲ, ಕಾಯಿಲೆ ಇತ್ತಲ್ಲ, ಎಲ್ಲರೂ ಒಂದಿನ ಹೋಗುವವರೇ ಅಲ್ಲವೇ ಎನ್ನುತ್ತಾರೆ. ಎಲ್ಲರೂ ಹೋಗುತ್ತಾರೆ, ಗೊತ್ತು. ನನಗಿಂತ ಚಿಕ್ಕವನು, ನಾನು ಸೊಂಟದ ಮೇಲೆ ಹೊತ್ತು ತಿರುಗಿದವನು, ನನಗಿಂತ ಮೊದಲು ಹೋದನಲ್ಲ ಎಂಬುದು ನನ್ನ ಸಂಕಟ. ಇದಕ್ಕೆ ಯಾರ ಸಮಾಧಾನವೂ ತಾಗುವುದಿಲ್ಲ. ನಾನು ಬಾಯಿ ಜೋರಿನವಳು, ಜೇವರ್ಗಿಯಲ್ಲಿ ಶಾಲೆಯ ಮಕ್ಕಳಿಗೆ ಕಲಿಸಿ ಕಲಿಸಿ ನಿವೃತ್ತಳಾದವಳು. ಹಾಗೆ ಹೇಳಿದವರಿಗೆ ಸುಮ್ಮನಿರ್ರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದೇನೆ.

ಅವನ ಕಾಯಿಲೆ ನಮ್ಮ ಕಡೆಯ ಮಾತಿನಲ್ಲಿ ಸಕ್ರಿ. ಡಯಾಬಿಟಿಸ್ ಎಂದರೆ ಯಾರಿಗೂ ಅಷ್ಟು ಹೆದರಿಕೆ ಬರುವುದಿಲ್ಲ, ಸಕ್ರಿ ಅದ ಎಂದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಬಹಳ ವರ್ಷ ಅದನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಬ್ಬು ಕಡಿಯುವ ದಿನ ಹೊಲದ ಬದುವಿನ ಮೇಲೆ ಕುಳಿತು ಹಲ್ಲಿನಿಂದ ಸಿಪ್ಪೆ ಸೀಳಿ ತಿನ್ನುತ್ತಿದ್ದ. ಕಬ್ಬಿನ ಒಡೆಯ ಕಬ್ಬು ತಿನ್ನದಿದ್ದರೆ ಭೂಮಿತಾಯಿ ಸಿಟ್ಟಾಗುತ್ತಾಳೆ ಎಂದು ನನಗೇ ಪಾಠ ಹೇಳುತ್ತಿದ್ದ. ಹೆಂಡತಿ ಚಹಾದಲ್ಲಿ ಸಕ್ಕರೆ ಬಿಟ್ಟರೆ ಪಕ್ಕದ ಮನೆಯ ಚಾಚಿಯ ಕಟ್ಟೆಗೆ ಹೋಗಿ ಕುಳಿತು ಸಿಹಿ ಚಹಾ ಕುಡಿದು ಬರುತ್ತಿದ್ದ. ಒಮ್ಮೆ ನಾನೇ ಅವನ ಅಂಗಿಯ ಜೇಬಿನಿಂದ ಬೆಲ್ಲದ ಚೂರು ಹೊರಗೆ ತೆಗೆದೆ. ಇರುವೆ ಮುತ್ತಿ ಸಿಕ್ಕಿಬಿದ್ದಿದ್ದ. ಬೆಲ್ಲ ಎಂದರೆ ಸಕ್ಕರೆ ಅಲ್ಲವಲ್ಲ ಎಂದು ಸಣ್ಣ ಹುಡುಗರಂತೆ ವಾದ ಮಾಡಿದ. ಕಳ್ಳ ನನ್ನ ಮಗ ಎಂದು ಬೈದು ನಾನೂ ನಕ್ಕಿದ್ದೆ.

ನಗುವುದು ನಿಂತದ್ದು ಅವನ ಎಡಗಾಲಿಗೆ ಚಪ್ಪಲಿ ಕಚ್ಚಿ ಆದ ಗುಳ್ಳೆ ಮಾಯದೇ ಹೋದಾಗ. ಹೆಬ್ಬೆರಳಿನ ಬುಡ ಕಪ್ಪಾಯಿತು. ಕಲಬುರಗಿಯ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಸಕ್ಕರೆ ಇಳಿದರೆ ಕಾಲು ಉಳಿಯುತ್ತದೆ, ಇಳಿಯದಿದ್ದರೆ ಮೊದಲು ಪಾದ, ಆಮೇಲೆ ಮೊಣಕಾಲು ಎಂದರು. ಅದನ್ನು ಹೇಳುವಾಗ ಅವರು ತಮ್ಮನ ಕಡೆ ನೋಡಲೇ ಇಲ್ಲ, ನನ್ನ ಕಡೆ ನೋಡಿದರು. ಹೊರಗೆ ಬಂದ ಮೇಲೆ ಅವನು ಮೆಟ್ಟಿಲ ಮೇಲೆ ಕುಳಿತು, ಕಾಲಿಲ್ಲದೆ ಹೊಲಕ್ಕೆ ನೀರು ಹೇಗೆ ಬಿಡಲಿ ಎಂದು ಕೇಳಿದ. ಆವತ್ತೇ ಮೊದಲ ಸಲ ಅವನ ಮುಖದಲ್ಲಿ ಹೆದರಿಕೆ ಕಂಡಿತು.

ಅವನ ಹೆಂಡತಿ ಆಳಂದದ ಕಡೆಯವಳು, ಮೆತ್ತಗಿನ ಹೆಣ್ಣು, ಗಂಡನಿಗೆ ಇಲ್ಲ ಅನ್ನಲು ಬಾಯಿ ಬಾರದವಳು. ನಾನು ಕರಜಗಿಗೆ ಹೋದವಳೇ ಮನೆಯಲ್ಲಿದ್ದ ಸಕ್ಕರೆಯ ಡಬ್ಬಿ, ಬೆಲ್ಲದ ಪೆಂಟಿ, ಹಬ್ಬಕ್ಕೆಂದು ಇಟ್ಟಿದ್ದ ಬೆಂಡು ಬತ್ತಾಸು, ಎಲ್ಲವನ್ನೂ ಚಾಚಿಯ ಮನೆಗೆ ದಾಟಿಸಿದೆ. ಈ ಹೊಸ್ತಿಲೊಳಗೆ ಇನ್ನು ಒಂದು ಹರಳು ಸಕ್ಕರೆ ಬರಕೂಡದು ಎಂದೆ. ಬಂದ ಬೀಗರಿಗೂ ಸಪ್ಪೆ ಚಹಾ. ಚಾಚಿಗೂ ಹೇಳಿ ಬಂದೆ, ನಮ್ಮವನು ಕಟ್ಟೆಗೆ ಬಂದರೆ ನೀರು ಕೊಡಿ, ಮಾತಾಡಿಸಿ, ಚಹಾ ಮಾತ್ರ ಬೇಡ ಎಂದು.

ಆದರೆ ಬಾಯಿಗೆ ಬೀಗ ಹಾಕಿ ಕುಳ್ಳಿರಿಸಿದರೆ ಅವನು ಮತ್ತೆ ಕಳ್ಳತನಕ್ಕೆ ಇಳಿಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ಅವನಿಗೆ ಏನಾದರೂ ಒಂದು ಸಿಹಿ ಕೊಡಲೇಬೇಕಾಗಿತ್ತು. ಮೊಬೈಲಿನಲ್ಲಿ ಒಬ್ಬಳು ಹೆಣ್ಣುಮಗಳು ಸಕ್ಕರೆ ಇಲ್ಲದ, ಹಿಟ್ಟು ಇಲ್ಲದ ಚಾಕೊಲೇಟ್ ಫಜ್ ಮಾಡುವುದನ್ನು ತೋರಿಸುತ್ತಿದ್ದಳು. ಬೆಣ್ಣೆ, ಕೆನೆ, ಕೋಕೋ ಪುಡಿ, ಬಾದಾಮಿ ಪುಡಿ, ಮತ್ತೆ ಸಕ್ಕರೆಯಂತೆ ಕಾಣುವ, ಸಕ್ಕರೆಯಲ್ಲದ ಒಂದು ಬಿಳಿ ಪುಡಿ. ಆ ಪುಡಿ ಜೇವರ್ಗಿಯಲ್ಲಿ ಸಿಗಲಿಲ್ಲ, ಕಲಬುರಗಿಗೆ ಹೋಗಿ ಔಷಧದ ಅಂಗಡಿಯಿಂದ ತಂದೆ. ನಾಲಿಗೆಗೆ ಹಚ್ಚಿ ನೋಡಿದೆ. ಸಿಹಿಯೇನೋ ಇತ್ತು, ಜೊತೆಗೆ ಬಾಯೆಲ್ಲ ಪೆಪ್ಪರಮೆಂಟು ತಿಂದ ಹಾಗೆ ತಣ್ಣಗಾಯಿತು.

ಇಲ್ಲಿ ನಾನು ಗಾಣದವರ ಮಗಳು ಎಂಬುದು ಅಡ್ಡ ಬಂತು. ಮೊಬೈಲಿನವಳು ಎಲ್ಲವನ್ನೂ ಒಟ್ಟಿಗೆ ಕರಗಿಸಿ ತಟ್ಟೆಗೆ ಸುರಿದು ಫ್ರಿಜ್ಜಿನಲ್ಲಿಟ್ಟಳು. ಪಾಕ ಹಿಡಿಯದೆ ಇದ್ದರೆ ಉಂಡಿ ನಿಲ್ಲುತ್ತದೆಯೇ, ಈಕೆಗೆ ಬುದ್ಧಿ ಇಲ್ಲ ಎಂದುಕೊಂಡು ನಾನು ಆ ಬಿಳಿ ಪುಡಿಗೆ ನೀರು ಹಾಕಿ ಒಲೆಯ ಮೇಲೆ ಇಟ್ಟೆ. ಪಕ್ಕದಲ್ಲಿ ತಣ್ಣೀರಿನ ಬಟ್ಟಲು. ಹನಿ ಬಿಟ್ಟೆ, ನೀರಲ್ಲಿ ನೀರಾಯಿತು. ಇನ್ನಷ್ಟು ಕುದಿಸಿದೆ. ಎರಡು ಬೆರಳಿನ ನಡುವೆ ಹಿಡಿದು ಎಳೆದೆ, ಎಳೆ ಬರಲೇ ಇಲ್ಲ. ಉರಿ ಹೆಚ್ಚಿಸಿದೆ. ಕೊನೆಗೆ ನೀರೆಲ್ಲ ಆರಿ ಬೋಗುಣಿಯ ತಳದಲ್ಲಿ ಬಿಳಿ ಹರಳುಗಟ್ಟಿ ಕೂತಿತು, ಉಪ್ಪು ಕಾಯಿಸಿದ ಹಾಗೆ. ಅದಕ್ಕೇ ಬೆಣ್ಣೆ ಸುರಿದರೆ ತುಪ್ಪ ಒಂದು ಕಡೆ, ಕೋಕೋ ಒಂದು ಕಡೆ. ಮನೆಯವರು ಬಂದು ನೋಡಿ, ಇದೇನು, ಟಾರು ಕಾಯಿಸಾಕತ್ತಿ ಏನು, ರಸ್ತೆ ಮಾಡ್ತೀಯೇನು ಎಂದು ನಕ್ಕರು. ಸಿಟ್ಟಿಗೆ ಬೋಗುಣಿಯನ್ನು ಬಚ್ಚಲಿಗೆ ಎಸೆದೆ.

ಎಸೆದು ಮತ್ತೆ ಮಾಡಿದೆ. ಮತ್ತೆ ಪಾಕ ಕಾದೆ. ಹಟ ಎಂದರೆ ಹಟ. ಎಷ್ಟು ಬೆಣ್ಣೆ ಹಾಳಾಯಿತೋ ದೇವರಿಗೆ ಗೊತ್ತು. ಒಂದು ದಿನ ಸೋತು ಕುಳಿತಾಗ ತಲೆಗೆ ಹೊಳೆಯಿತು. ಸಕ್ಕರೆ ಇದ್ದರಲ್ಲವೇ ಪಾಕ ಬರುವುದು? ಈ ಪುಡಿಯಲ್ಲಿ ಸಕ್ಕರೆಯೇ ಇಲ್ಲ, ಅಪ್ಪನೇ ಎದ್ದು ಬಂದು ಕಾಯಿಸಿದರೂ ಇದು ಟಣ್ ಅನ್ನುವುದಿಲ್ಲ. ಇದನ್ನು ಗಟ್ಟಿ ಮಾಡುವುದು ಬೆಂಕಿಯಲ್ಲ, ತಂಪು. ಆಮೇಲೆ ಪುಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಬೀಸಿದೆ, ಹರಳು ಹಲ್ಲಿಗೆ ಸಿಗಬಾರದೆಂದು. ಬೆಣ್ಣೆ ಮತ್ತು ಕೆನೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕುದಿಯುವ ಮುಂಚೆಯೇ ಇಳಿಸಿ, ಕೋಕೋ ಜರಡಿ ಹಿಡಿದು ಹಾಕಿ, ಬಾದಾಮಿ ಪುಡಿ, ಹುರಿದ ಒಣಕೊಬ್ಬರಿ, ಚಿಟಿಕೆ ಉಪ್ಪು, ಒಂದಿಷ್ಟು ಏಲಕ್ಕಿ ಸೇರಿಸಿ ಕೈ ಬಿಡದೆ ತಿರುವಿದೆ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಚಾಕು ಸಲೀಸಾಗಿ ಇಳಿಯಿತು. ಮೊಬೈಲಿನವಳು ಚೌಕ ಚೌಕ ಕತ್ತರಿಸಿದ್ದಳು. ನಾನು ಅಂಗೈಗೆ ಹಚ್ಚಿ ಗುಂಡಗೆ ಉಂಡಿ ಕಟ್ಟಿದೆ. ನಮ್ಮ ಮನೆಯಲ್ಲಿ ಸಿಹಿ ಎಂದರೆ ಉಂಡಿಯ ಆಕಾರ.

ತಮ್ಮ ಅದನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. ನಾನು ಅವನ ಮುಖವನ್ನೇ ನೋಡುತ್ತ ಕುಳಿತಿದ್ದೆ. ಬಾಯಿ ಯಾಕೋ ತಣ್ಣಗಾಗುತ್ತದೆ ಎಂದ, ಕಹಿಯೂ ಇದೆ ಸಿಹಿಯೂ ಇದೆ ಎಂದ. ಆಮೇಲೆ ಇನ್ನೊಂದು ಕೊಡು ಎಂದು ಕೈ ಚಾಚಿದ. ಆ ಕೈ ನೋಡಿ ನನ್ನ ಕಣ್ಣು ತುಂಬಿತು. ಫಜ್ ಎನ್ನಲು ಬಾರದೆ ಅದಕ್ಕೆ ಅವನೇ ಕರಿ ಉಂಡಿ ಎಂದು ಹೆಸರಿಟ್ಟ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಡಬ್ಬಿ ತುಂಬಿ ಕೊಂಡೊಯ್ಯುವುದು ನನ್ನ ಕೆಲಸವಾಯಿತು. ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಅಫಜಲಪುರ, ಅಲ್ಲಿಂದ ಕರಜಗಿ. ಬಸ್ಸಿನ ಸೆಕೆಗೆ ಉಂಡಿ ಕರಗಬಾರದೆಂದು ಡಬ್ಬಿಗೆ ಹಸಿ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಇದೇನ್ರಿ ಎಂದರೆ ಔಷಧ ಎನ್ನುತ್ತಿದ್ದೆ.

ಸಕ್ಕರೆಯೂ ಇಳಿಯಿತು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಮಷಿನ್ ಇತ್ತು. ಪ್ರತಿ ಸಲ ನೋಡಿದಾಗಲೂ ಹಿಂದಿನದಕ್ಕಿಂತ ಕಡಿಮೆ. ಕಾಲಿನ ಗಾಯದ ಅಂಚೂ ಒಣಗತೊಡಗಿತು. ಅವನ ಮುಖ ದುಂಡಗಾಗಿ, ಕೈಕಾಲು ತುಂಬಿಕೊಂಡು, ಮೈ ಹಿಡಿದಂತೆ ಕಂಡ. ನಾನು ಹಿಗ್ಗಿ ಹೋದೆ. ಓಣಿಯವರಿಗೆಲ್ಲ ಕರಿ ಉಂಡಿ ಹಂಚಿದೆ, ಗೊತ್ತಿದ್ದವರಿಗೆಲ್ಲ ಫೋನು ಮಾಡಿ ಮಾಡುವ ಬಗೆ ಹೇಳಿದೆ. ಡಾಕ್ಟರಿಗೆ ಆಗದ್ದು ನನಗಾಯಿತು ಎಂದು ಎದೆ ತಟ್ಟಿಕೊಂಡು ತಿರುಗಿದೆ. ರೊಟ್ಟಿ ಸೇರುವುದಿಲ್ಲ, ಬಾಯಿ ರುಚಿ ಇಲ್ಲ ಎಂದು ಅವನು ಒಂದೆರಡು ಸಲ ಅಂದಿದ್ದ. ತಿಂಗಳುಗಟ್ಟಲೆ ಕಡಿಮೆ ಉಂಡು ರೂಢಿಯಾಗಿದೆ, ಒಳ್ಳೆಯದೇ ಆಯಿತು ಎಂದುಕೊಂಡೆವು. ಸಕ್ಕರೆ ಇಳಿಯುತ್ತಿರುವಾಗ ಯಾರಾದರೂ ಕೆಟ್ಟದ್ದು ಯೋಚಿಸುತ್ತಾರೆಯೇ?

ಶ್ರಾವಣ ಬಂತು. ಪಂಚಮಿಗೆ ನಮ್ಮ ಕಡೆ ತಮ್ಮನೋ ಅಣ್ಣನೋ ಬಂದು ಅಕ್ಕ ತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಎಷ್ಟು ವಯಸ್ಸಾದರೂ ಸರಿ. ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ಆ ವರ್ಷ ಕಾಲು ಊದಿದೆ, ಬಸ್ಸು ಹತ್ತಲು ಆಗುವುದಿಲ್ಲ, ನೀನೇ ಬಂದುಬಿಡು ಎಂದು ಫೋನಿನಲ್ಲಿ ಹೇಳಿದ. ದನಿ ಸಣ್ಣಗಾಗಿತ್ತು. ನಾಚಿಕೆಯಿಂದ ಇರಬೇಕು ಎಂದುಕೊಂಡು, ಕರಿ ಉಂಡಿಯ ದೊಡ್ಡ ಡಬ್ಬಿಯೊಂದಿಗೆ ನಾನೇ ಹೋದೆ. ಪಂಚಮಿಯಲ್ಲಿ ಎಲ್ಲರ ಮನೆಯಲ್ಲೂ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ನಮ್ಮಲ್ಲಿ ಕರಿ ಉಂಡಿ ಒಂದೇ.

ಅವನು ಸಕ್ಕರೆ ಇಳಿಸಲು ಡಾಕ್ಟರು ಬರೆದುಕೊಟ್ಟಿದ್ದ ಇನ್ಸುಲಿನ್ನಿನ ಮುಂಜಾನೆಯ ಇಂಜೆಕ್ಷನ್ ಚುಚ್ಚಿಕೊಂಡು, ರೊಟ್ಟಿ ಮುಟ್ಟದೆ, ಅಕ್ಕ ಬಂದ ಮೇಲೆ ಅವಳ ಉಂಡಿ ತಿನ್ನುತ್ತೇನೆ ಎಂದು ನನಗಾಗಿ ಕಾದಿದ್ದ. ನಾನು ಊರು ಮುಟ್ಟಿದಾಗ ಮಧ್ಯಾಹ್ನ. ನನ್ನ ಕೈಯಿಂದಲೇ ಎರಡು ತಿಂದ. ಸ್ವಲ್ಪ ಹೊತ್ತಿಗೆ ಅವನ ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತು. ಮಾತು ತೊದಲಿತು. ನನ್ನನ್ನು ನೋಡಿ ಅವ್ವ ಎಂದು ಕರೆದು ಗೋಡೆಗೆ ಜಾರಿದ.

ಅವನ ಹೆಂಡತಿ ಕಿರುಚಿದಳು. ಉಂಡಿಯಿಂದ ಸಕ್ಕರೆ ಏರಿದೆ, ಇನ್ನೊಂದು ಇಂಜೆಕ್ಷನ್ ಕೊಡಬೇಕು ಎಂದು ಸೂಜಿ ತಂದೇಬಿಟ್ಟಳು. ನಾನು ಅವಳ ಕೈ ಹಿಡಿದೆ. ಇದರಲ್ಲಿ ಸಕ್ಕರೆ ಎಲ್ಲಿದೆ, ಮೊದಲು ಮಷಿನ್ ಹಚ್ಚು ಎಂದು ಗದರಿದೆ. ಬೆರಳು ಚುಚ್ಚಿದರೆ ಮಷಿನ್ನಿನಲ್ಲಿ ಅಂಕಿಯೇ ಬರಲಿಲ್ಲ, ಇಷ್ಟು ಕಡಿಮೆ ತನಗೆ ಎಣಿಸಲು ಬರುವುದಿಲ್ಲ ಎಂಬ ಗುರುತು ಬಂತು. ಊರಿನ ನರ್ಸಬಾಯಿಗೆ ಫೋನು ಹಚ್ಚಿದೆ. ಆಕೆ ಪೂರ್ತಿ ಕೇಳಲೂ ಇಲ್ಲ.

"ಮೊದಲ ಬಾಯಾಗ ಸಕ್ರಿ ಹಾಕ್ರಿ. ಮಾತು ಆಮ್ಯಾಲ."

ಸಕ್ಕರೆ. ಕಬ್ಬಿನ ಊರು, ಕಬ್ಬಿನ ಮನೆ, ಹಿತ್ತಲ ಬಾಗಿಲು ತೆರೆದರೆ ಕಣ್ಣು ಹರಿಯುವ ತನಕ ಕಬ್ಬು. ಆ ಮನೆಯೊಳಗೆ ಒಂದು ಹರಳು ಸಕ್ಕರೆ ಇರಲಿಲ್ಲ. ನನ್ನ ಮುಂದೆ ಡಬ್ಬಿ ತುಂಬ ಉಂಡಿ ಇದ್ದವು, ಅವು ಒಂದೂ ಕೆಲಸಕ್ಕೆ ಬಾರವು. ನಾನು ಕಾಲಿಗೆ ಚಪ್ಪಲಿ ಇಲ್ಲದೆ ಚಾಚಿಯ ಮನೆಗೆ ಓಡಿದೆ. ಚಾಚೀ ಸಕ್ರಿ ಕೊಡ್ರಿ, ಸಕ್ರಿ ಎಂದು ಅಂಗಳದಿಂದಲೇ ಕೂಗಿದೆ. ಆ ತಾಯಿ ಯಾಕೆ ಎಂದು ಕೇಳದೆ ಡಬ್ಬಿ ಸಮೇತ ನನ್ನ ಹಿಂದೆಯೇ ಬಂದಳು. ಅವಳೇ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಸ್ಮಿಲ್ಲಾ ಎನ್ನುತ್ತ ಸಕ್ಕರೆಯನ್ನು ಬೆರಳಿನಿಂದ ಅವನ ಒಸಡಿಗೆ ತಿಕ್ಕಿದಳು. ಸ್ವಲ್ಪ ನುಂಗಿದ. ಇನ್ನಷ್ಟು ತಿಕ್ಕಿದಳು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ತುಟಿ ಚಪ್ಪರಿಸಿ, ನನ್ನ ಕಡೆ ಹೊರಳಿ ನೋಡಿ ಗಾಬರಿಯಾದ. ಕಳ್ಳತನ ಸಿಕ್ಕಿಬಿದ್ದಿತು ಎಂದುಕೊಂಡನೋ ಏನೋ. ನಾನು ಅವನ ಕಾಲು ಹಿಡಿದುಕೊಂಡು ಅತ್ತೆ.

ಕಲಬುರಗಿಗೆ ಒಯ್ದೆವು. ರಕ್ತ, ಮೂತ್ರ ಎಲ್ಲ ನೋಡಿ ಡಾಕ್ಟರು ನನ್ನನ್ನು ಹೊರಗೆ ಕರೆದರು. ಕಿಡ್ನಿಗಳು ಸೋತಿವೆ ಎಂದರು. ಕಿಡ್ನಿ ಸೋತಾಗ ಚುಚ್ಚಿಕೊಂಡ ಇಂಜೆಕ್ಷನ್ ಬೇಗ ಮೈಯಿಂದ ಹೊರಗೆ ಹೋಗುವುದಿಲ್ಲ, ಅದು ಒಳಗೇ ಕೂತು ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಊಟವೂ ಸೇರದೆ ಹೋದರೆ ಇನ್ನೂ ಇಳಿಯುತ್ತದೆ. ಮೈ ಹಿಡಿದಿದೆ ಎಂದು ನಾವು ತಿಳಿದದ್ದು ಬಾವು. ಹಾಗಾದರೆ ಸಕ್ಕರೆ ಕಡಿಮೆ ಆಗಿದ್ದು ಎಂದು ಬಾಯಿ ಬಿಟ್ಟೆ. ಅದು ಒಳ್ಳೆಯ ಸೂಚನೆ ಆಗಿರಲಿಲ್ರಿ ತಾಯಿ ಎಂದರು. ನಿಮ್ಮ ಸಿಹಿಯಿಂದ ಆದದ್ದಲ್ಲ, ಈ ಕಾಯಿಲೆ ಬಹಳ ವರ್ಷದ್ದು ಎಂದೂ ಸೇರಿಸಿದರು. ಆದರೆ ಇನ್ನು ಮುಂದೆ ಅದೂ ಬೇಡ, ಕೋಕೋ, ಬಾದಾಮಿ, ಕೊಬ್ಬರಿ ಯಾವುದೂ ಕಿಡ್ನಿಗೆ ಆಗುವುದಿಲ್ಲ ಎಂದರು. ಅವನ ಬಾಯಿಗೆ ನಾನು ಹುಡುಕಿ ಕೊಟ್ಟಿದ್ದ ಒಂದೇ ಒಂದು ಸಿಹಿಯೂ ಅಲ್ಲಿಗೆ ಮುಗಿಯಿತು. ಓಣಿಗೆಲ್ಲ ಉಂಡಿ ಹಂಚಿ ನಾನು ಹಬ್ಬ ಮಾಡಿದ್ದು ಅವನ ಕಿಡ್ನಿ ಸೋಲುತ್ತಿದ್ದುದಕ್ಕೆ. ಹಾಳಾದ ಮಷಿನ್ನು, ಅಂಕಿ ಮಾತ್ರ ತೋರಿಸಿತು.

ಆಮೇಲಿನ ತಿಂಗಳುಗಳನ್ನು ಉದ್ದಕ್ಕೆ ಹೇಳುವ ಶಕ್ತಿ ನನಗಿಲ್ಲ. ಡಯಾಲಿಸಿಸ್‌ಗೆ ವಾರವಾರ ಕರೆದೊಯ್ದೆವು. ಕಾಲು ಉಳಿಯಿತು, ಅದನ್ನು ಕಡಿಯುವ ಪ್ರಸಂಗ ಬರಲಿಲ್ಲ. ಆದರೆ ಆ ಕಾಲಿನ ಮೇಲೆ ನಿಲ್ಲುವವನೇ ಸೊರಗುತ್ತ ಹೋದ. ನೀರು ಅಳೆದು ಕುಡಿಯಬೇಕು, ಹಣ್ಣು ತಿನ್ನಬಾರದು, ಉಪ್ಪು ತಿನ್ನಬಾರದು. ವಿಚಿತ್ರವೆಂದರೆ ಜೀವನವಿಡೀ ಯಾರ ಮಾತೂ ಕೇಳದ ಮನುಷ್ಯ ಈಗ ಡಾಕ್ಟರು ಹೇಳಿದ ಒಂದೊಂದು ಮಾತನ್ನೂ ಪಾಲಿಸಿದ. ಚಾಚಿಯ ಕಟ್ಟೆಗೆ ಹೋದರೆ ಏನನ್ನೂ ಮುಟ್ಟದೆ ಮಾತಾಡಿ ಬರುತ್ತಿದ್ದ. ಆಕೆಯೇ ಬಂದು ನನಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ಸಲ ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿದರು. ಹೃದಯ ಅದನ್ನು ತಾಳುತ್ತಿಲ್ಲ ಎಂದರು. ಡಾಕ್ಟರು ನನ್ನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು, ಬಹಳ ನಿಧಾನವಾಗಿ ಹೇಳಿದರು.

"ಮನಿಗೆ ಕರ್ಕೊಂಡ ಹೋಗ್ರಿ. ಇನ್ನ ಪಥ್ಯ ಏನೂ ಬ್ಯಾಡ. ಏನ್ ಬೇಡ್ತಾರ ಅದು ಕೊಡ್ರಿ."

ಆ ಮಾತಿನ ಅರ್ಥ ನಮ್ಮ ಕಡೆ ಅಕ್ಷರ ಬಾರದವರಿಗೂ ಗೊತ್ತು. ಎಷ್ಟು ವರ್ಷ ಬೇಡ, ಬೇಡ ಎನ್ನುತ್ತ ಅವನ ಕೈಯಿಂದ ಕಿತ್ತುಕೊಂಡಿದ್ದೆ, ಜಗಳವಾಡಿದ್ದೆ. ಬೇಡ ಎನ್ನುವಷ್ಟು ದಿನ ಅವನು ನಮ್ಮವನಾಗಿದ್ದ. ಕೊಡ್ರಿ ಎಂದ ಮೇಲೆ ಎಲ್ಲ ಮುಗಿದಂತೆ. ಅವನ ಹೆಂಡತಿ ಕುರ್ಚಿಯಿಂದ ಏಳಲಿಲ್ಲ. ಅವಳನ್ನು ನಾನೇ ತೋಳು ಹಿಡಿದು ಎಬ್ಬಿಸಿದೆ. ಒಳಗೆ ಹೋಗಿ ತಮ್ಮನಿಗೆ, ಆರಾಮ ಆಗಿದೆಯಂತೆ, ಮನೆಗೆ ಬಿಟ್ಟಿದ್ದಾರೆ ಎಂದು ಹೇಳಿದೆ. ಅವನ ಮುಖ ಅರಳಿತು.

ಬರುವ ದಾರಿಯಲ್ಲಿ ಅಫಜಲಪುರದಲ್ಲಿ ಕಾರು ನಿಲ್ಲಿಸಿ ಕಂಡದ್ದೆಲ್ಲ ಕಟ್ಟಿಸಿಕೊಂಡೆ. ಜಿಲೇಬಿ, ಪೇಢೆ, ಬೂಂದಿ ಉಂಡಿ. ಮನೆಗೆ ಬಂದು, ಪಡಸಾಲೆಯ ಮಂಚದ ಮೇಲೆ ಅವನನ್ನು ಒರಗಿಸಿ, ಜಿಲೇಬಿಯ ಒಂದು ಚೂರು ಮುರಿದು ಬಾಯಿಯ ಹತ್ತಿರ ಹಿಡಿದೆ. ಹುಡುಗನಾಗಿದ್ದಾಗಿನಿಂದ ಜಿಲೇಬಿ ಎಂದರೆ ಪ್ರಾಣ ಅವನಿಗೆ. ರಸ ನನ್ನ ಮಣಿಕಟ್ಟಿನ ತನಕ ಸೋರುತ್ತಿತ್ತು. ಅವನು ಅದನ್ನು ನೋಡಿದ, ಎಂಜಲು ನುಂಗಿದ್ದು ನನಗೆ ಕಂಡಿತು. ಆಮೇಲೆ ತುಟಿ ಬಿಗಿದು ಮುಖ ಆಚೆ ತಿರುಗಿಸಿದ.

"ಬ್ಯಾಡ ಯಕ್ಕಾ. ಸಕ್ರಿ ಏರತದ. ಈಗಷ್ಟ ಆರಾಮ ಆಗಾಕತ್ತದ."

ತಿನ್ನು, ಏನೂ ಆಗುವುದಿಲ್ಲ ಎಂದೆ. ಡಾಕ್ಟರೇ ಹೇಳಿದ್ದಾರೆ ಎಂದೆ. ಅವನಿಗೆ ನಗು ಬಂತು. ನೀನು ನನ್ನ ಪರೀಕ್ಷೆ ಮಾಡುತ್ತಿದ್ದೀ, ನನಗೆ ಗೊತ್ತು, ಮೊದಲಿನ ಕಳ್ಳ ಅಲ್ಲ ನಾನು ಎಂದ. ಸಿಹಿ ತಿನ್ನಬೇಕು ಅನ್ನಿಸುತ್ತಿದೆ, ಆದರೆ ಕರಿ ಉಂಡಿ ಇದ್ದರೆ ಕೊಡು, ಅದೊಂದಕ್ಕೆ ಡಾಕ್ಟರನ್ನು ಕೇಳಿ ನೋಡು ಎಂದ. ಕೇಳಿದ್ದೇನೆ, ಹೂಂ ಅಂದಿದ್ದಾರೆ ಎಂದೆ. ಅವನು ಇನ್ನೇನಾದರೂ ಕೇಳುವ ಮೊದಲೇ ಅಡುಗೆಮನೆಗೆ ಎದ್ದು ಹೋದೆ.

ಹಿಂದೊಮ್ಮೆ ನಾನು ತಂದಿಟ್ಟಿದ್ದ ಕೋಕೋ, ಬಿಳಿ ಪುಡಿ ಆ ಮನೆಯ ಕಪಾಟಿನಲ್ಲಿ ಉಳಿದಿದ್ದವು. ಬೆಣ್ಣೆ ಚಾಚಿಯ ಮನೆಯಿಂದ ಬಂತು. ಒಲೆಯ ಮುಂದೆ ನಿಂತು ಕರಗಿಸುವಾಗ ಅತ್ತು ಮುಗಿಸಿದೆ, ಅವನ ಮುಂದೆ ಅಳಬಾರದೆಂದು. ಗಟ್ಟಿಯಾಗುವ ತನಕ ಕಾಯುವ ಧೈರ್ಯ ಇರಲಿಲ್ಲ. ಮೆತ್ತಗಿದ್ದದ್ದನ್ನೇ ಬಟ್ಟಲಲ್ಲಿ ತಂದು ಚಮಚದ ತುದಿಯಲ್ಲಿ ಅವನ ನಾಲಿಗೆಗೆ ಇಟ್ಟೆ. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಕರಗಿಸಿಕೊಂಡ. ಛಲೋ ಆಗಿದೆ ಎಂದ. ಸ್ವಲ್ಪ ಹೊತ್ತು ಬಿಟ್ಟು ಕೈ ಮುಂದೆ ಮಾಡಿ, ಮಷಿನ್ ಹಚ್ಚು, ನೋಡೋಣ ಎಂದ. ಆ ಬೆರಳನ್ನು ಇನ್ನೊಮ್ಮೆ ಚುಚ್ಚಲು ನನಗೆ ಮನಸ್ಸಿರಲಿಲ್ಲ. ಅವನು ಬಿಡಲಿಲ್ಲ.

ಅಂಕಿ ಬಂತು. ಡಾಕ್ಟರು ಇಷ್ಟಿರಬೇಕು ಎಂದು ಹಿಂದೆಂದೋ ಹೇಳಿದ್ದ ಹಾಗೇ ಇತ್ತು. ಅವನು ಮಷಿನ್ನನ್ನು ಕಣ್ಣಿನ ಹತ್ತಿರ ಹಿಡಿದು ಓದಿಕೊಂಡ, ಹೆಂಡತಿಗೆ ತೋರಿಸಿದ, ಆಮೇಲೆ ನನಗೆ ತೋರಿಸಿದ.

"ಕಂಟ್ರೋಲಿಗೆ ಬಂದದ ನೋಡು ಯಕ್ಕಾ."

ಹೌದಪ್ಪಾ, ಬಂದದ ಎಂದೆ. ಅವನು ಇನ್ನೊಂದು ಚಮಚ ಬೇಕೆಂದು ಬಾಯಿ ತೆರೆದ.